ಬದನವಾಳಿನ ನಾಳೆಯನ್ನು ಎಣಿಸುವವರು ಯಾರು?

ನಂಜನಗೂಡು ದಾಟಿ ಚಾಮರಾಜನಗರದ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ಬದನವಾಳು. ಗಾಂಧೀಜಿ ಬಂದುಹೋದ ಊರು, ಖಾದಿಯ ಊರು ಎಂದು ನಾಡಿಗೆಲ್ಲ ಗೊತ್ತು. ಭೂಪಟ ಬಿಡಿಸಿಕೊಂಡು ಕೂತರೆ ಈ ಊರಿನ ಇನ್ನೊಂದು ಗುರುತು ಕಾಣುತ್ತದೆ. ಮೈಸೂರಿನ ಕಡೆಗೆ ಕಡಕೊಳ, ತಾಂಡವಪುರ, ಹಿಮ್ಮಾವು, ನಂಜನಗೂಡು ಎಂದು ಕಾರ್ಖಾನೆಗಳ ಸಾಲು. ಚಾಮರಾಜನಗರದ ಕಡೆಗೆ ಬದನಗುಪ್ಪೆ–ಕೆಲ್ಲಂಬಳ್ಳಿಯ ಕೈಗಾರಿಕಾ ಪ್ರದೇಶ. ಈ ಎರಡರ ನಡುವಿನ ಹೊಲಗದ್ದೆಗಳ ಸೀಮೆಯಲ್ಲಿ ಬದನವಾಳು ಕೂತಿದೆ.

ಇಂಥ ಜಾಗಕ್ಕೆ ಬೆಳವಣಿಗೆ ಬರುತ್ತದೋ ಇಲ್ಲವೋ ಎಂದು ಕೇಳುವ ಕಾಲ ಮುಗಿಯಿತು. ನೆಸ್ಲೆ ಕಾರ್ಖಾನೆ ನಂಜನಗೂಡಿಗೆ ಬಂದದ್ದು 1989ರಲ್ಲಿ. ಏಷ್ಯನ್ ಪೇಂಟ್ಸ್ ಹಿಮ್ಮಾವಿನಲ್ಲಿ ಉತ್ಪಾದನೆ ಶುರುಮಾಡಿದ್ದು 2018ರಲ್ಲಿ. ಚಿತ್ರನಗರಿಗೆ ಜಾಗ ಗುರುತಾದದ್ದೂ ಹಿಮ್ಮಾವಿನಲ್ಲೇ. ಬೆಳಿಗ್ಗೆ ರಸ್ತೆ ಬದಿ ನಿಂತರೆ ಸಾಕು, ಬೆಳವಣಿಗೆ ಕಣ್ಣೆದುರೇ ಹಾದುಹೋಗುತ್ತದೆ: ಪಾಳಿಗೆ ಹೊರಟ ಹುಡುಗರ ಬೈಕುಗಳು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಕಾಲೇಜಿನ ಬಸ್ಸಿಗೆ ಕಾಯುವ ಮಕ್ಕಳು. ಹೊತ್ತು ಏರುವಷ್ಟರಲ್ಲಿ ಊರಿನಲ್ಲಿ ಉಳಿಯುವವರು ಬಹುಪಾಲು ವಯಸ್ಸಾದವರು, ಚಿಕ್ಕ ಮಕ್ಕಳು, ಹೊಲದ ಕೆಲಸದವರು.

ಈ ಬೆಳವಣಿಗೆಗೆ ಊರನ್ನು ಸಜ್ಜು ಮಾಡುವ ಯೋಜನೆ ಎಲ್ಲಿದೆ? ನಗರದ ಸುತ್ತಿನ ನೆಲಕ್ಕೆ ಯೋಜನೆ ಇದೆ, ಸರ್ವೆ ನಂಬರುಗಳಿಗೆ ಬಣ್ಣ ಬಳಿದ ನಕ್ಷೆ ಇದೆ. ಜನರನ್ನು ಮುಂದಿಟ್ಟುಕೊಂಡು, ಇನ್ನು ಇಪ್ಪತ್ತು ವರ್ಷಕ್ಕೆ ಇಲ್ಲಿ ಎಷ್ಟು ಮಂದಿ ಇರುತ್ತಾರೆ, ಯಾವ ವಯಸ್ಸಿನವರು, ಏನು ಕೆಲಸ ಮಾಡುತ್ತಾರೆ, ಎಷ್ಟು ನೀರು ಬೇಕು ಎಂದು ಕೂತು ಲೆಕ್ಕ ಹಾಕಿದ ಕಾಗದ ಹಳ್ಳಿಗಳ ಪಾಲಿಗೆ ಇಲ್ಲ. ತೊಂದರೆಯ ಬುಡ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ.

ಹಾಗೆಂದು ಈ ಸೀಮೆಗೆ ಯೋಜನೆ ಹೊಸದೇನಲ್ಲ. ಊರಿನಲ್ಲೇ ದುಡಿಮೆ ಹುಟ್ಟಿಸುವ ಪ್ರಯತ್ನ ಸುಮಾರು ನೂರು ವರ್ಷದ ಹಿಂದೆ ಬದನವಾಳಿನಲ್ಲೇ ನಡೆಯಿತು. ಹತ್ತಿರದ ತಗಡೂರಿನಲ್ಲಿ ‘ಮೈಸೂರು ಗಾಂಧಿ’ ಎಂದೇ ಹೆಸರಾದ ತಗಡೂರು ರಾಮಚಂದ್ರರಾವ್ ಖಾದಿ ಕೆಲಸಕ್ಕೆ ಇಳಿದಿದ್ದರು. ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲೂ ಬೆಂಗಳೂರಿನಲ್ಲೂ ತಂಗಿದ್ದ 1927ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವೇ ಬದನವಾಳಿನಲ್ಲಿ ನೂಲುವ ಕೇಂದ್ರ ತೆರೆಯಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಖಾದಿಯ ಬಗ್ಗೆ ಅವರಿಗೆ ನಿಜವಾದ ಒಲವಿತ್ತು. ಒಂದು ದೇಶೀಯ ಸಂಸ್ಥಾನದ ಸರ್ಕಾರ ಚರಕವನ್ನು ತನ್ನ ಕೈಗಾರಿಕಾ ಕಾರ್ಯಕ್ರಮದೊಳಕ್ಕೆ ತಂದುಕೊಂಡದ್ದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಆ ಯೋಜನೆಯ ತರ್ಕ ಸರಳ. ಮಳೆ ನಂಬಿದ ಸೀಮೆಯಲ್ಲಿ ಬೇಸಾಯದ ಕೆಲಸ ವರ್ಷದ ಕೆಲವು ತಿಂಗಳು ಮಾತ್ರ. ಉಳಿದ ತಿಂಗಳುಗಳಲ್ಲಿ ಕೈ ಖಾಲಿ, ಮನೆಯಲ್ಲಿ ಕಾಸಿಲ್ಲ. ಆ ಖಾಲಿ ಕೈಗೆ, ಅದರಲ್ಲೂ ಹೆಂಗಸರ ಕೈಗೆ, ಮನೆಯ ಹತ್ತಿರವೇ ಕೆಲಸ ಕೊಡಬೇಕು. ಬಂಡವಾಳ ಕಡಿಮೆ ಇರಬೇಕು, ಕಲಿಯಲು ಹೆಚ್ಚು ದಿನ ಹಿಡಿಯಬಾರದು, ಮಾಡಿದ್ದಕ್ಕೆ ಕೊಳ್ಳುವವರಿರಬೇಕು. ನೂಲು ಈ ಮೂರಕ್ಕೂ ಒಗ್ಗಿತು. ಮುಂದೆ ಮಗ್ಗ, ಎಣ್ಣೆಗಾಣ, ಕೈಕಾಗದದಂಥ ಗ್ರಾಮೋದ್ಯೋಗಗಳೂ ಅದೇ ಅಂಗಳಕ್ಕೆ ಸೇರಿಕೊಂಡವು.

ಕೇಂದ್ರದೊಳಗಿನ ಕೆಲಸದ ಸರಣಿಯನ್ನು ಹತ್ತಿರದಿಂದ ನೋಡಿದರೆ ಅದು ಎಷ್ಟು ಕೈಗಳಿಗೆ ದುಡಿಮೆ ಕೊಡಬಲ್ಲದು ಎಂಬುದು ಅರ್ಥವಾಗುತ್ತದೆ. ಹಂಜಿಯಿಂದ ಒಬ್ಬರು ನೂಲು ತೆಗೆಯುತ್ತಾರೆ. ಆ ನೂಲು ಲಡಿಯಾಗುತ್ತದೆ. ಒಂದು ಲಡಿಗೆ ಸಾವಿರ ಮೀಟರ್. ಲಡಿ ಎಣಿಸಿಯೇ ಕೂಲಿ. ಲಡಿಯ ನೂಲನ್ನು ಇನ್ನೊಬ್ಬರು ಸುತ್ತಬೇಕು, ಮತ್ತೊಬ್ಬರು ಹಾಸು ಹೂಡಬೇಕು, ಲಾಳಿಗೆ ಬೇಕಾದ ಹೊಕ್ಕಿನ ಕಂಡಿಕೆ ಸುತ್ತುವವರು ಬೇರೆ, ಆಮೇಲೆ ಮಗ್ಗದ ಮುಂದೆ ಕೂರುವವರು, ಬಣ್ಣ ಹಾಕುವವರು, ಒಗೆದು ಮಡಿಸುವವರು. ಒಂದು ಗಜ ಬಟ್ಟೆಯ ಬೆಲೆಯಲ್ಲಿ ಹೆಚ್ಚಿನ ಭಾಗ ಕೂಲಿಯಾಗಿ ಊರಿನಲ್ಲೇ ಉಳಿಯುತ್ತದೆ. ಇಂಧನಕ್ಕೆಂದು, ಯಂತ್ರದ ಸಾಲಕ್ಕೆಂದು ಹೊರಗೆ ಹೋಗುವುದು ಅತಿ ಕಡಿಮೆ. ಇವತ್ತಿನ ಯಾವ ಬೃಹತ್ ಕಾರ್ಖಾನೆಯೂ ಹೂಡಿದ ಪ್ರತಿ ರೂಪಾಯಿಗೆ ಇಷ್ಟು ಕೆಲಸ ಕೊಡುವುದಿಲ್ಲ.

ಆದರೆ ಲಡಿಯ ಕೂಲಿ ಸಂಸಾರ ತೂಗಿಸುವಷ್ಟು ಬೆಳೆಯಲಿಲ್ಲ. ಗಿರಣಿ ಬಟ್ಟೆಯ ಜೊತೆಗಿನ ಪೈಪೋಟಿಯಲ್ಲಿ ಖಾದಿ ಸೋತಿತು. ನೂರಾರು ಮಂದಿ ದುಡಿಯುತ್ತಿದ್ದ ಆವರಣದಲ್ಲಿ ಕೆಲವೇ ಮಂದಿ, ಅದರಲ್ಲೂ ಹೆಂಗಸರು, ಉಳಿದುಕೊಂಡರು. ರಂಗಕರ್ಮಿ ಪ್ರಸನ್ನ ಈ ಊರನ್ನೇ ಆರಿಸಿಕೊಂಡು ‘ಸುಸ್ಥಿರ ಬದುಕಿಗಾಗಿ ಬದನವಾಳು ಸತ್ಯಾಗ್ರಹ’ ನಡೆಸಿ, 2015ರ ಏಪ್ರಿಲ್ 19ರಂದು ರಾಷ್ಟ್ರೀಯ ಸಮಾವೇಶ ಕರೆದಾಗ ನಾಡು ಮತ್ತೊಮ್ಮೆ ಬದನವಾಳಿನ ಕಡೆ ತಿರುಗಿ ನೋಡಿತು. ಹೆಗ್ಗೋಡಿನ ಬಳಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘವನ್ನು ಕಟ್ಟಿದ ಅನುಭವ ಅವರ ಬೆನ್ನಿಗಿತ್ತು. ಕೈಉತ್ಪನ್ನಗಳಿಗೆ ತೆರಿಗೆ ಬೇಡ ಎಂಬ ಅವರ ಮುಂದಿನ ಹೋರಾಟದ ಬೇರೂ ಇಲ್ಲೇ ಇದೆ. ಆ ವಾದವನ್ನು ಒಪ್ಪದವರು ಇರಬಹುದು. ಆದರೆ ದುಡಿಯುವ ಜನ ಎಲ್ಲಿದ್ದಾರೋ ಅಲ್ಲಿಗೇ ಕೆಲಸ ಹೋಗಬೇಕೋ, ಕೆಲಸ ಇರುವಲ್ಲಿಗೆ ಜನ ಹೋಗಬೇಕೋ ಎಂಬ ಅವರ ಪ್ರಶ್ನೆ ಗ್ರಾಮೀಣ ಯೋಜನೆಯ ಮೊದಲ ಪ್ರಶ್ನೆ. ಅದನ್ನು ದಾಟಿಕೊಂಡು ಯಾರೂ ಮುಂದೆ ಹೋಗಲಾಗದು.

ಪಕ್ಕದ ತಿ. ನರಸೀಪುರದಲ್ಲಿ ಇದಕ್ಕೆ ನಡುದಾರಿಯ ಒಂದು ಉತ್ತರವಿದೆ. ಮೈಸೂರು ರೇಷ್ಮೆ ಸೀರೆಗೆ ಬೇಕಾದ ನೂಲನ್ನು ಗೂಡಿನಿಂದ ಬಿಚ್ಚುವ ಫಿಲೇಚರನ್ನು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಅಲ್ಲಿ ನಡೆಸುತ್ತದೆ. ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವುದು ರೈತರ ಮನೆಗಳಲ್ಲಿ, ನೂಲು ತೆಗೆಯುವುದು ತಾಲ್ಲೂಕಿನ ಪಟ್ಟಣದಲ್ಲಿ, ನೇಯುವುದು 1912ರಿಂದ ನಡೆದುಬಂದ ಮೈಸೂರಿನ ಕಾರ್ಖಾನೆಯಲ್ಲಿ. ಹಳ್ಳಿ, ಪಟ್ಟಣ, ನಗರ ಮೂರೂ ಒಂದೇ ಸೀರೆಯಲ್ಲಿ ಪಾಲು ಪಡೆಯುತ್ತವೆ. ಗ್ರಾಮೀಣ ಕೈಗಾರಿಕೆ ಎಂದರೆ ಹಳ್ಳಿಯ ಜಮೀನಿನಲ್ಲಿ ಕಾರ್ಖಾನೆ ಕಟ್ಟುವುದು ಎಂದು ತಿಳಿದವರು ಈ ಸರಪಳಿಯನ್ನು ಒಮ್ಮೆ ನೋಡಬೇಕು.

ಇನ್ನು ಜನಸಂಖ್ಯೆಯ ಮಾತು. ಈ ವಿಷಯದಲ್ಲೂ ಮೈಸೂರು ಸೀಮೆಗೆ ದೊಡ್ಡ ಚರಿತ್ರೆ ಇದೆ. ಜಗತ್ತಿನಲ್ಲೇ ಮೊದಲು ಸರ್ಕಾರದ ವತಿಯಿಂದ ಜನನ ನಿಯಂತ್ರಣದ ಚಿಕಿತ್ಸಾಲಯಗಳು ತೆರೆದದ್ದು 1930ರಲ್ಲಿ, ಮೈಸೂರು ಸಂಸ್ಥಾನದಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ನಡೆಸಿದ ‘ಮೈಸೂರು ಜನಸಂಖ್ಯಾ ಅಧ್ಯಯನ’ದ ಕ್ಷೇತ್ರಕಾರ್ಯ ನಡೆದದ್ದು 1951–52ರಲ್ಲಿ, ವರದಿ 1961ರಲ್ಲಿ ಹೊರಬಂತು. ಹಳ್ಳಿಯ ಹೆಂಗಸರಿಗೆ ಮಕ್ಕಳ ಸಂಖ್ಯೆ ಮಿತಗೊಳಿಸುವ ಆಸೆಯೇ ಇಲ್ಲ ಎಂದು ಪಟ್ಟಣದ ವಿದ್ಯಾವಂತರು ನಂಬಿದ್ದ ಕಾಲ ಅದು. ಆ ವರದಿ ಬೇರೆಯೇ ಹೇಳಿತು. ದಾರಿ ತಿಳಿಸಿದರೆ ಕಲಿಯಲು ಸಿದ್ಧ ಎಂದವರು ಹಳ್ಳಿಗಳಲ್ಲೂ ಬಹಳ ಮಂದಿ ಇದ್ದರು. ಕೇಳಿದರೆ ಜನ ಹೇಳುತ್ತಾರೆ. ಕೇಳದೆ ಊಹಿಸುವ ಯೋಜನೆ ದಾರಿ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಅಂದಿನ ಚಿಂತೆ ಹೆಚ್ಚುವ ಹೆರಿಗೆಗಳದ್ದು. ಇಂದಿನ ಚಿತ್ರವೇ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೂ 2.1 ಬೇಕು. ಅಂದರೆ ಬದನವಾಳಿನಂಥ ಊರು ಇನ್ನು ಮುಂದೆ ದೊಡ್ಡದಾದರೆ ಅದು ತೊಟ್ಟಿಲ ಲೆಕ್ಕದಿಂದ ಆಗುವುದಿಲ್ಲ. ಯಾರು ಬಂದರು, ಯಾರು ಹೋದರು, ಯಾರು ಹೋಗಿ ಮರಳಿದರು ಎಂಬುದರಿಂದ ಆಗುತ್ತದೆ. ಊರಿನ ವಯಸ್ಸೂ ಏರುತ್ತದೆ. ಶಾಲೆಯ ಹಾಜರಾತಿ ಇಳಿಯುವ ಊರಿನಲ್ಲೇ ರಕ್ತದೊತ್ತಡದ ಮಾತ್ರೆಗೆ ಕಾಯುವವರ ಸಾಲು ಉದ್ದವಾಗುತ್ತದೆ. ಅಂಗನವಾಡಿಗೆ ಇನ್ನೊಂದು ಕೊಠಡಿ ಕಟ್ಟಬೇಕೋ, ಹಿರಿಯರಿಗೆ ಹಗಲು ಆರೈಕೆಯ ಜಾಗ ಬೇಕೋ ಎಂದು ತೀರ್ಮಾನಿಸಲು ಒಟ್ಟು ಜನಸಂಖ್ಯೆಯೊಂದೇ ಸಾಲದು. ವಯಸ್ಸಿನ ಪಟ್ಟಿ ಬೇಕು.

ಈ ಲೆಕ್ಕ ಹೇಗೆ ಹಾಕುತ್ತಾರೆ ಎಂಬುದನ್ನು ಓದುಗರು ತಿಳಿದಿರುವುದು ಒಳ್ಳೆಯದು. ಕುಡಿಯುವ ನೀರಿನ ಯೋಜನೆಯನ್ನೇ ತೆಗೆದುಕೊಳ್ಳಿ. ಇಂಥ ಯೋಜನೆಗಳನ್ನು ಸಾಮಾನ್ಯವಾಗಿ ಮೂವತ್ತು ವರ್ಷ ಮುಂದಿಟ್ಟುಕೊಂಡು ರೂಪಿಸುತ್ತಾರೆ. ಐದು ಸಾವಿರ ಜನರ ಒಂದು ಊರು ಇದೆ ಎಂದುಕೊಳ್ಳಿ. ಮೈಸೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 26.41 ಲಕ್ಷ ಇದ್ದದ್ದು 2011ಕ್ಕೆ 30.01 ಲಕ್ಷವಾಯಿತು; ಹತ್ತು ವರ್ಷದಲ್ಲಿ ಶೇ 13.63ರ ಏರಿಕೆ. ಈ ದರವನ್ನೇ ಊರಿಗೆ ಹಚ್ಚಿದರೆ ಐದು ಸಾವಿರ ಮೊದಲ ದಶಕಕ್ಕೆ 5,681, ಮುಂದಿನದಕ್ಕೆ 6,456, ಮೂವತ್ತನೆಯ ವರ್ಷಕ್ಕೆ 7,336 ಆಗುತ್ತದೆ. ಜಲ ಜೀವನ್ ಮಿಷನ್‌ನ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ ಇಂದಿಗೆ 2.75 ಲಕ್ಷ ಲೀಟರ್, ಆಗ ನಾಲ್ಕು ಲಕ್ಷಕ್ಕೂ ಮೇಲೆ.

ಲೆಕ್ಕ ಸರಿಯಾಗಿದೆ. ಊರಿಗೆ ಮಾತ್ರ ಅದು ಹೊಂದುವುದಿಲ್ಲ. ಜಿಲ್ಲೆಯ ಶೇ 41ರಷ್ಟು ಜನ ನಗರ, ಪಟ್ಟಣಗಳಲ್ಲಿದ್ದಾರೆ. ಆ ದಶಕದ ಏರಿಕೆಯ ಬಹುಭಾಗವೂ ಅಲ್ಲಿಯದೇ. ಗ್ರಾಮೀಣ ಭಾಗ ಬೆಳೆದದ್ದು ಅದಕ್ಕಿಂತ ಬಹಳ ನಿಧಾನವಾಗಿ. ದಶಕಕ್ಕೆ ಶೇ 6 ಎಂದು ಹಿಡಿದರೆ ಅದೇ ಊರು ಮೂವತ್ತು ವರ್ಷಕ್ಕೆ 5,955ಕ್ಕೆ ನಿಲ್ಲುತ್ತದೆ. ಎರಡು ಅಂದಾಜಿನ ನಡುವೆ ಹೆಚ್ಚುಕಡಿಮೆ 1,400 ಜನರ ಅಂತರ. ಒಂದು ಓವರ್‌ಹೆಡ್ ಟ್ಯಾಂಕಿನ ಗಾತ್ರ, ಪೈಪಿನ ಅಳತೆ, ಪಂಪಿನ ಕರೆಂಟು ಬಿಲ್ಲು ಎಲ್ಲವೂ ಈ ಅಂತರದ ಮೇಲೆ ನಿಂತಿವೆ. ಅದೇ ಊರಿನ ಪಕ್ಕದಲ್ಲಿ ಕಾರ್ಖಾನೆ ಬಂದು, ಹೊರರಾಜ್ಯದ ಕಾರ್ಮಿಕರು ಬಾಡಿಗೆ ಕೋಣೆಗಳಲ್ಲಿ ತುಂಬಿಕೊಂಡರೆ ಎರಡು ಅಂದಾಜೂ ಒಂದೇ ವರ್ಷದಲ್ಲಿ ಸುಳ್ಳಾಗುತ್ತವೆ. ಹಳೆಯ ದರವನ್ನು ಮುಂದಕ್ಕೆ ಎಳೆಯುವ ಲೆಕ್ಕಕ್ಕೆ ಕಾರ್ಖಾನೆಯ ಗೇಟು ಕಾಣುವುದಿಲ್ಲ.

ಇದರ ಮೇಲೆ ಇನ್ನೊಂದು ತೊಡಕು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಏಷ್ಯನ್ ಪೇಂಟ್ಸ್ ಬರುವ ಏಳು ವರ್ಷ ಮೊದಲಿನ ಅಂಕಿಗಳನ್ನು ಹಿಡಿದುಕೊಂಡೇ ಇಷ್ಟು ಕಾಲ ಯೋಜನೆ ಬರೆದಿದ್ದೇವೆ. ಜನ ಕೆಲಸಕ್ಕೆ ಎಷ್ಟು ದೂರ ಹೋಗುತ್ತಾರೆ, ಯಾವುದರಲ್ಲಿ ಹೋಗುತ್ತಾರೆ ಎಂದು 2011ರ ಗಣತಿ ಕೇಳಿತ್ತು. ಬದನವಾಳಿನಂಥ ಊರಿಗೆ ತೀರಾ ಬೇಕಾದ ಮಾಹಿತಿ ಅದು. ಅದು ಪ್ರಕಟವಾದದ್ದು ಜಿಲ್ಲೆಯ ಮಟ್ಟದ ಕೋಷ್ಟಕಗಳಲ್ಲಿ. ಊರಿನ ಪಿಡಿಒ ಮೇಜಿನ ಮೇಲೆ ಅದರಿಂದ ಏನು ಉಪಯೋಗ?

ಹಾಗಾದರೆ ಊರಿನಲ್ಲಿ ಲೆಕ್ಕವೇ ಇಲ್ಲವೇ? ಇದೆ, ಚೆದುರಿಹೋಗಿದೆ. ಅಂಗನವಾಡಿ ಕಾರ್ಯಕರ್ತೆಯ ಪುಸ್ತಕದಲ್ಲಿ ಹುಟ್ಟಿದ ಪ್ರತಿ ಮಗು ಇದೆ. ಆಶಾ ಕಾರ್ಯಕರ್ತೆಯ ಬಳಿ ಬಸುರಿ, ಬಾಣಂತಿಯರ ಪಟ್ಟಿ ಇದೆ. ಶಾಲೆಯ ದಾಖಲಾತಿ, ರೇಷನ್ ಕಾರ್ಡು, ಮತದಾರರ ಪಟ್ಟಿ, ಪಂಚಾಯಿತಿಯ ಕಂದಾಯದ ರಿಜಿಸ್ಟರು, ಹಾಲಿನ ಡೇರಿಯ ಪುಸ್ತಕ ಎಲ್ಲವೂ ಇವೆ. ಇವನ್ನು ಒಂದೇ ಮೇಜಿನ ಮೇಲೆ ತಂದು ಕೂಡಿಸಿ ನೋಡುವ ಕೆಲಸ ಯಾರದ್ದೂ ಆಗಿಲ್ಲ, ಅಷ್ಟೇ.

ಆರ್ಥಿಕ ಬೆಳವಣಿಗೆ ಊರನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಹಳೇ ಮೈಸೂರು ಸೀಮೆಯೇ ಜಗತ್ತಿಗೆ ಪಾಠವಾದದ್ದುಂಟು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಬನ್ನೂರು ಬಳಿಯ ಕೊಡಗಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಅವರ ಬರಹದ ‘ರಾಂಪುರ’ ಆ ಊರೇ. ಯುದ್ಧಕಾಲದ ದುಡ್ಡು ಜಮೀನ್ದಾರರ ಕೈಯಿಂದ ಅಕ್ಕಿ ಗಿರಣಿಗೂ ಬಸ್ಸಿಗೂ ಹರಿದದ್ದನ್ನು ಅವರು ದಾಖಲಿಸಿದ್ದಾರೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1954ರಿಂದ 56ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿದ್ದು ಬರೆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಹಳ್ಳಿಗಳಿಗೆ ಆಕೆ ಇಟ್ಟ ಮರೆಹೆಸರು ವಂಗಲ ಮತ್ತು ದಾಳೇನ.

ವಂಗಲಕ್ಕೆ ನಾಲೆಯ ನೀರು ಬಂತು. ರೈತರು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಬೆಳೆದು ಕೈತುಂಬ ಹಣ ಕಂಡರು. ದಾಳೇನ ದಿಣ್ಣೆಯ ಮೇಲಿದ್ದುದರಿಂದ ನೀರು ಏರಲಿಲ್ಲ. ಸುತ್ತಲೂ ಹಸಿರು, ನಡುವೆ ಒಣ ಊರು. ಯಾವುದು ಹೆಚ್ಚು ಬದಲಾಯಿತು? ದಾಳೇನ. ಅಲ್ಲಿನ ಗಂಡಸರು ಪಟ್ಟಣಕ್ಕೆ ಕೆಲಸಕ್ಕೆ ಹೋದರು, ವ್ಯಾಪಾರಕ್ಕಿಳಿದರು, ಗಿರಣಿ ಇಟ್ಟರು, ಗುತ್ತಿಗೆ ಹಿಡಿದರು. ಊರೊಳಗಿನ ಹಳೆಯ ಜಾತಿ ಕಟ್ಟಳೆಗಳು, ಆಳು–ಒಡೆಯರ ವಂಶಪಾರಂಪರ್ಯ ಸಂಬಂಧಗಳು ಅಲ್ಲಿ ಸಡಿಲಗೊಂಡವು. ವಂಗಲದಲ್ಲಿ ಹಣ ಬಂತು, ಹಳೆಯ ಕಟ್ಟುಪಾಡು ಹಾಗೇ ಉಳಿಯಿತು; ಹೊಸ ಹಣ ಅದನ್ನು ಇನ್ನಷ್ಟು ಗಟ್ಟಿಮಾಡಿತು ಎಂದರೂ ಸರಿಯೇ. ಎಪ್‌ಸ್ಟೈನ್ 1970ರಲ್ಲಿ ಮತ್ತೆ ಬಂದು ಎರಡೂ ಊರುಗಳನ್ನು ನೋಡಿದರು.

ಈ ಕಥೆ ಬದನವಾಳಿಗೆ ಏಕೆ ಮುಖ್ಯ ಎಂದರೆ, ಕಬಿನಿಯ ನಾಲೆಗಳಿಂದ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಇಂಥ ಜೋಡಿ ಊರುಗಳು ಎಷ್ಟೋ ಇವೆ. ನೀರು ಸಿಕ್ಕ ಊರಿಗೂ ಸಿಗದ ಊರಿಗೂ ಒಂದೇ ಅಚ್ಚಿನ ಯೋಜನೆ ಒಗ್ಗುವುದಿಲ್ಲ. ಹಣ ಬಂದರೆ ಸಮಾಜ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ.

ಬದನವಾಳು ಅದನ್ನು ನೆತ್ತರಿನಲ್ಲಿ ಕಂಡ ಊರು. ದೇವಸ್ಥಾನ ಪ್ರವೇಶದ ತಕರಾರು ಬೆಳೆದು 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ದಲಿತರ ಕೇರಿಗೂ ಲಿಂಗಾಯತರ ಬೀದಿಗೂ ನಡುವಿನ ದಾರಿ ಅಂದಿನಿಂದ ಬಳಕೆ ತಪ್ಪಿತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ರಾಹುಲ್ ಗಾಂಧಿ ಭಾರತ್ ಜೋಡೋ ಯಾತ್ರೆಯ ವೇಳೆ ಗಾಂಧಿ ಜಯಂತಿಗೆಂದು ಊರಿಗೆ ಬಂದಾಗ. ದಾರಿಗೆ ಕಲ್ಲು ಹಾಸಿ, ಎರಡೂ ಸಮುದಾಯದವರು ಒಟ್ಟಿಗೆ ಊಟಕ್ಕೆ ಕೂತರು. ಇಪ್ಪತ್ತೊಂಬತ್ತು ವರ್ಷ. ಆ ಅವಧಿಯಲ್ಲಿ ಆ ದಾರಿಯನ್ನು ತೆರೆಯುವುದು ಯಾವ ವಾರ್ಷಿಕ ಕ್ರಿಯಾಯೋಜನೆಯ ಕೆಲಸವೂ ಆಗಲಿಲ್ಲ. ಒಂದೂರಿನ ಎರಡು ಬೀದಿಗಳ ಮಕ್ಕಳು ಒಂದೇ ದಾರಿಯಲ್ಲಿ ನಡೆಯಲಾಗದಿದ್ದರೆ ಅದು ನೀರಿಲ್ಲದ ನಲ್ಲಿಯಷ್ಟೇ ದೊಡ್ಡ ಅಭಿವೃದ್ಧಿಯ ಕೊರತೆ. ಅದನ್ನು ಯೋಜನೆಯ ಪುಸ್ತಕದಲ್ಲಿ ಬರೆದುಕೊಳ್ಳಲು ಹೆದರಬಾರದು.

ನೆಲದ ಯೋಜನೆಯ ಕಡೆ ಬರೋಣ. ಮೈಸೂರು ಮತ್ತು ನಂಜನಗೂಡನ್ನು ಸೇರಿಸಿ ‘ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶ’ ಎಂದು ಗುರುತಿಸಿ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ 2031ರವರೆಗಿನ ಮಹಾಯೋಜನೆ ಮಾಡಲಾಗಿದೆ. ವಸತಿ ಎಲ್ಲಿ, ಕೈಗಾರಿಕೆ ಎಲ್ಲಿ, ಹಸಿರು ವಲಯ ಎಲ್ಲಿ ಎಂದು ಅದರ ನಕ್ಷೆ ತೋರಿಸುತ್ತದೆ. ಕಾಯ್ದೆಯ ಹೆಸರಿನಲ್ಲಿ ಗ್ರಾಮಾಂತರ ಇದ್ದರೂ ಇಂಥ ನಕ್ಷೆ ಇರುವುದು ನಗರದ ಸೆರಗಿನವರೆಗೆ. ಗೆರೆಯಾಚೆಯ ಹಳ್ಳಿಗಳಿಗೆ ನಕ್ಷೆಯಿಲ್ಲ. ಅಲ್ಲಿ ಬೆಳವಣಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1)ರಡಿ ಬರುವ ಭೂಸ್ವಾಧೀನದ ನೋಟಿಸು. ಇನ್ನೊಂದು, ರಸ್ತೆ ಪಕ್ಕದ ಹೊಲಕ್ಕೆ ಕಲ್ಲು ನೆಟ್ಟು ಸೈಟು ಮಾಡುವುದು.

ಎರಡನೆಯದರ ಪಾಡು ಎಷ್ಟೋ ಮನೆಗಳಿಗೆ ಗೊತ್ತು. ದುಡಿದ ದುಡ್ಡಿನಲ್ಲಿ ಸೈಟು ಕೊಂಡಾಗಿದೆ, ಪಂಚಾಯಿತಿಗೆ ಹೋದರೆ ಇ-ಸ್ವತ್ತಿನಲ್ಲಿ ಆಸ್ತಿಯ ದಾಖಲೆಯಾದ ನಮೂನೆ 9 ಮತ್ತು 11ಎ ಬರುವುದಿಲ್ಲ. ಭೂಪರಿವರ್ತನೆ ಆಗಿಲ್ಲ, ನಕ್ಷೆಗೆ ಅನುಮೋದನೆ ಇಲ್ಲ. ನಮೂನೆ ಇಲ್ಲದಿದ್ದರೆ ಬ್ಯಾಂಕಿನ ಸಾಲವಿಲ್ಲ. ಚರಂಡಿಗೆ ಜಾಗ ಬಿಟ್ಟಿಲ್ಲ, ಆಂಬುಲೆನ್ಸ್ ತಿರುಗಲು ರಸ್ತೆ ಇಲ್ಲ. ಮೊದಲೇ ನಕ್ಷೆ ಬರೆದಿದ್ದರೆ ತಪ್ಪುತ್ತಿದ್ದ ಕಷ್ಟವನ್ನು ಆಮೇಲೆ ಸಕ್ರಮ ಮಾಡಲು ಹೆಣಗುತ್ತೇವೆ.

ಮೊದಲನೆಯ ದಾರಿಯ ಕಥೆಗೆ ಹಿಮ್ಮಾವು ಸಾಕ್ಷಿ. ಜಮೀನು ಬಿಟ್ಟುಕೊಟ್ಟ ರೈತರ ಮಕ್ಕಳು ಕೆಲಸಕ್ಕಾಗಿ ಧರಣಿ ಕೂರಬೇಕಾಯಿತು. ಈಗಿನ ಬಣ್ಣದ, ಔಷಧದ, ಬಿಡಿಭಾಗಗಳ ಕಾರ್ಖಾನೆಗಳಿಗೆ ಬೇಕಾದದ್ದು ಐಟಿಐ, ಡಿಪ್ಲೊಮಾ ಓದಿದವರು. ಕಾರ್ಖಾನೆ ಬರಲು ನಾಲ್ಕೈದು ವರ್ಷ ಹಿಡಿಯುತ್ತದೆ. ಐಟಿಐ ಮುಗಿಸಲು ಎರಡು ವರ್ಷ ಸಾಕು. ಭೂಮಿಗೆ ನೋಟಿಸು ಕೊಟ್ಟ ದಿನವೇ ಆ ಊರಿನ ಹತ್ತನೇ ತರಗತಿಯ ಮಕ್ಕಳ ಪಟ್ಟಿ ತೆಗೆದು, ಯಾವ ಕೆಲಸಕ್ಕೆ ಯಾವ ತರಬೇತಿ ಎಂದು ತೀರ್ಮಾನಿಸಿದ್ದರೆ ಧರಣಿಯ ಚಪ್ಪರವೇ ಬೇಕಾಗುತ್ತಿರಲಿಲ್ಲ.

ಇದನ್ನೆಲ್ಲ ಮಾಡಬೇಕಾದವರು ಯಾರು ಎಂಬುದಕ್ಕೆ ಸಂವಿಧಾನದಲ್ಲಿ ಉತ್ತರವಿದೆ. 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕೆನ್ನುತ್ತದೆ. ಪಂಚಾಯಿತಿಗಳ, ಪುರಸಭೆಗಳ ಯೋಜನೆಗಳನ್ನು ಅದು ಒಗ್ಗೂಡಿಸಬೇಕು. ನೀರು ಮತ್ತಿತರ ಸಂಪನ್ಮೂಲಗಳನ್ನು ಹಳ್ಳಿಗೂ ನಗರಕ್ಕೂ ಹಂಚುವ ಬಗ್ಗೆ ಕರಡು ಸಿದ್ಧಪಡಿಸಬೇಕು. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಂತೆ ಜಿಲ್ಲಾ ಪಂಚಾಯಿತಿ ಮತ್ತು ನಗರಾಡಳಿತದ ಚುನಾಯಿತ ಸದಸ್ಯರಿಂದಲೇ, ಅವರೊಳಗಿನಿಂದಲೇ ಆರಿಸಿ ಬರಬೇಕು. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ಚುನಾಯಿತ ಜಿಲ್ಲಾ ಪಂಚಾಯಿತಿಯೇ ಇಲ್ಲದಿದ್ದರೆ ಸಮಿತಿಯಲ್ಲಿ ಹಳ್ಳಿಯ ಪರವಾಗಿ ಕೂರುವವರು ಯಾರು? ಪಕ್ಕದ ಗುಂಡ್ಲುಪೇಟೆಯಲ್ಲಿ ಹುಟ್ಟಿ, 1983ರ ಕಾಯ್ದೆಯ ಮೂಲಕ ಅಧಿಕಾರವನ್ನು ಹಳ್ಳಿಗೆ ಇಳಿಸಿದ ಅಬ್ದುಲ್ ನಜೀರ್‌ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮೈಸೂರಿನಲ್ಲೇ ಇದೆ. ಅವರು ಕಟ್ಟಿದ ಪಂಚಾಯಿತಿ ವ್ಯವಸ್ಥೆಯ ನಡುಮನೆ ಮಾತ್ರ ಬಾಗಿಲು ಹಾಕಿಕೊಂಡಿದೆ. ಇದನ್ನು ಆಡಳಿತದ ವಿಳಂಬ ಎಂದು ಕರೆದು ಸುಮ್ಮನಿರಲು ನನ್ನಿಂದಾಗದು. ಇದು ಹಳ್ಳಿಗೆ ಬಗೆದ ದ್ರೋಹ.

ಉಳಿದದ್ದು ಗ್ರಾಮ ಪಂಚಾಯಿತಿ. ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂದು 2015ರಿಂದ ಅಲ್ಲೂ ಯೋಜನೆ ಬರೆಯುತ್ತಾರೆ. ವಾರ್ಡ್‌ಸಭೆಯಲ್ಲಿ ಜನ ಹೇಳುತ್ತಾರೆ: ನಮ್ಮ ಬೀದಿಗೆ ಚರಂಡಿ, ನಮಗೊಂದು ಮನೆ, ಸ್ಮಶಾನಕ್ಕೆ ದಾರಿ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಅವೆಲ್ಲ ಕಾಮಗಾರಿ ಪಟ್ಟಿಯಾಗುತ್ತವೆ, ಇಪ್ಪತ್ತು ವರ್ಷದ ನೋಟವಾಗುವುದಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದರಿಂದ ಊರು ತಾನಾಗಿ ಯೋಚಿಸಿ ಖರ್ಚುಮಾಡಲು ಉಳಿದದ್ದು ಶೇ 40. ದುಡ್ಡು ಕಡಿಮೆ ಎಂಬುದು ನಿಜ. ಆದರೆ ಲೆಕ್ಕ ಹಾಕಲು ದುಡ್ಡು ಬೇಕಿಲ್ಲ.

ಬದನವಾಳು ಮತ್ತು ಅದರ ನೆರೆಯ ಪಂಚಾಯಿತಿಗಳು ಒಂದು ಕೆಲಸವನ್ನು ಈಗಲೇ ಮಾಡಬಹುದು. ಪಂಚಾಯಿತಿಯ ಬಳಿ ಇರುವ ರಿಜಿಸ್ಟರುಗಳನ್ನೆಲ್ಲ ಒಂದು ವಾರ ಒಟ್ಟಿಗಿಟ್ಟುಕೊಂಡು ಕೂರಲಿ. ಹೆಸರುಗಳನ್ನು ಬಹಿರಂಗ ಮಾಡದೆ ಸಂಖ್ಯೆಗಳನ್ನಷ್ಟೇ ಗೋಡೆಗೆ ಬರೆಯಲಿ. ಆರರೊಳಗಿನ ಮಕ್ಕಳು ಎಷ್ಟು, ಅರವತ್ತು ದಾಟಿದವರು ಎಷ್ಟು, ಬೆಳಿಗ್ಗೆ ಊರು ಬಿಟ್ಟು ಕೆಲಸಕ್ಕೆ ಹೋಗುವವರು ಎಷ್ಟು, ಅವರಲ್ಲಿ ಹೆಂಗಸರು ಎಷ್ಟು, ಬಾಡಿಗೆಗೆ ಬಂದವರು ಎಷ್ಟು, ಓದು ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು ಎಷ್ಟು. ಖಾದಿ ಕೇಂದ್ರದಲ್ಲಿ ಇನ್ನೂ ಎಷ್ಟು ಮಂದಿಗೆ ಜಾಗವಿದೆ, ಅವರು ಮಾಡಿದ ಬಟ್ಟೆಯನ್ನು ಸುತ್ತಲಿನ ಕಾರ್ಖಾನೆಗಳು, ಶಾಲೆಗಳು, ಆಸ್ಪತ್ರೆಗಳು ಕೊಳ್ಳುತ್ತವೆಯೇ ಎಂಬುದೂ ಆ ಪಟ್ಟಿಯಲ್ಲಿರಲಿ. ಊರಿನ ಎಲ್ಲ ಬೀದಿಗಳಿಂದಲೂ ಜನ ಬಂದು, ಒಂದೇ ಜಮಖಾನೆಯ ಮೇಲೆ ಕೂತು ಅದನ್ನು ಓದಿ ಒಪ್ಪಬೇಕು. ಆಗ ಮಾತ್ರ ಅದು ಊರಿನ ಲೆಕ್ಕ.

ನಂಜನಗೂಡು, ತಿ. ನರಸೀಪುರ ಸೀಮೆಯ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಗ್ರಾಮಸಭೆಯ ಡಂಗುರ ಕೇಳಿದಾಗ ಮನೆಯಲ್ಲಿ ಕೂರಬೇಡಿ. ಚರಂಡಿಯನ್ನೂ ಕೇಳಿ, ಅದರ ಜೊತೆಗೆ ನಿಮ್ಮೂರಿನ ಈ ಲೆಕ್ಕವನ್ನೂ ಕೇಳಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೂ ಎದ್ದು ಬರಬೇಡಿ. ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ ಎಂದು ನಿಮ್ಮ ಶಾಸಕರನ್ನು ಎದುರು ಸಿಕ್ಕಾಗಲೆಲ್ಲ ಕೇಳಿ. 2027ರ ಗಣತಿದಾರರು ಬಾಗಿಲಿಗೆ ಬಂದಾಗ ಕೆಲಸಕ್ಕೆ ಹೊರಗೆ ಹೋದ ಮಗಳ, ಮಗನ ವಿವರವನ್ನು ಸರಿಯಾಗಿ ಬರೆಸಿ.